ಅಮೆರಿಕದ ಸ್ಟೇಟ್ ಯೂನಿವರ್ಸಿಟಿಯ ಡೈವರ್ಸಿಟಿ ಲೆಕ್ಕ ಓದುವುದು ಹೇಗೆ?

ಅಮೆರಿಕದ ಒಂದು ಸ್ಟೇಟ್ ಯೂನಿವರ್ಸಿಟಿಯಲ್ಲಿ ವಿದ್ಯಾರ್ಥಿಗಳ ಲೆಕ್ಕ ಇಡುವುದು ನನ್ನ ಕೆಲಸ. ಎಷ್ಟು ಜನ ಸೇರಿದರು, ಯಾರು ಯಾವ ಮೇಜರ್ (ಮುಖ್ಯ ವಿಷಯ) ತೆಗೆದುಕೊಂಡರು, ಯಾರು ಅರ್ಧಕ್ಕೆ ಬಿಟ್ಟರು, ಯಾರು ಡಿಗ್ರಿ ಮುಗಿಸಿದರು, ದಿನಾ ಇದೇ. ಕಚೇರಿಗೆ ‘ಇನ್‌ಸ್ಟಿಟ್ಯೂಷನಲ್ ರಿಸರ್ಚ್’ ಅಂತ ಭಾರಿ ಹೆಸರು. ಒಳಗೆ ಕೂತಿರುವುದು ಬೆರಳೆಣಿಕೆಯಷ್ಟು ಜನ. ಯೂನಿವರ್ಸಿಟಿಯ ಮುಖಪುಟದಲ್ಲಿ ಬಣ್ಣಬಣ್ಣದ ವೃತ್ತ ಬರೆದು ‘ನಮ್ಮಲ್ಲಿ ಇಷ್ಟು ಶೇಕಡಾ ಡೈವರ್ಸಿಟಿ’ (ಬೇರೆ ಬೇರೆ ಜನಾಂಗದವರ ಪಾಲು) ಅಂತ ಹಾಕಿರುತ್ತಾರಲ್ಲ, ಆ ಅಂಕಿ ಹುಟ್ಟುವುದು ಇಂಥ ಕಚೇರಿಗಳಲ್ಲಿ.

ಪರಿಚಯದವರ ಮಕ್ಕಳು ಅರ್ಜಿ ಹಾಕುವ ಕಾಲ ಬಂತೆಂದರೆ ನನಗೆ ಫೋನುಗಳು ಶುರುವಾಗುತ್ತವೆ. ‘ಅಕ್ಕಾ, ಆ ಕಾಲೇಜಲ್ಲಿ ಎಲ್ಲ ತರದ ಜನ ಇದ್ದಾರಾ? ನಮ್ಮ ಹುಡುಗಿ ಒಂಟಿ ಆಗಲ್ಲ ತಾನೇ?’ ಒಳ್ಳೆಯ ಪ್ರಶ್ನೆಯೇ. ಆದರೆ ಉತ್ತರ ಆ ಬಣ್ಣದ ವೃತ್ತದಲ್ಲಿಲ್ಲ. ವೃತ್ತ ಸುಳ್ಳು ಹೇಳುತ್ತದೆ ಅಂತಲ್ಲ. ಅದು ಒಂದು ಫಾರ್ಮಿನ ನಿಯಮಗಳಿಂದ ಹುಟ್ಟಿದ ಅಂಕಿ. ಆ ನಿಯಮ ಗೊತ್ತಿದ್ದರೆ ಮಾತ್ರ ಅದರಿಂದ ಏನಾದರೂ ತಿಳಿಯುತ್ತದೆ. ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಫೋಟೋ ಬಿಡಿ, ಪಟ್ಟಿ ತೆಗೆಯಿರಿ

ಬ್ರೋಷರ್‌ನ ಫೋಟೋ ನೋಡಿ ಏನನ್ನೂ ತೀರ್ಮಾನಿಸಬೇಡಿ. 2000ದಲ್ಲಿ ವಿಸ್ಕಾನ್ಸಿನ್ ಯೂನಿವರ್ಸಿಟಿ (ಮ್ಯಾಡಿಸನ್) ತನ್ನ ಅರ್ಜಿ ಪುಸ್ತಿಕೆಯ ಮುಖಪುಟದಲ್ಲಿ ಫುಟ್‌ಬಾಲ್ ನೋಡುತ್ತಿರುವ ವಿದ್ಯಾರ್ಥಿಗಳ ಚಿತ್ರ ಹಾಕಿತ್ತು. ಎಲ್ಲರೂ ಬಿಳಿಯರು, ನಡುವೆ ಒಬ್ಬ ಕಪ್ಪು ಹುಡುಗ. ಆ ಹುಡುಗ ಆ ಆಟಕ್ಕೆ ಹೋಗಿಯೇ ಇರಲಿಲ್ಲ. ಬೇರೆ ಫೋಟೋದಿಂದ ಅವನ ಮುಖ ಕತ್ತರಿಸಿ ಅಂಟಿಸಿದ್ದರು. ಸಿಕ್ಕಿಬಿದ್ದರು, ಕ್ಷಮೆ ಕೇಳಿದರು. ಈಗ ಅಂಟಿಸುವುದು ಕಡಿಮೆಯಾಗಿರಬಹುದು. ಆದರೆ ಹತ್ತು ಫೋಟೋದಲ್ಲಿ ಯಾವುದನ್ನು ಮುಂದೆ ಹಾಕಬೇಕು ಅಂತ ಆರಿಸುವುದು ಎಲ್ಲ ಕಡೆಯೂ ನಡೆಯುತ್ತದೆ.

ಹಾಗಾದರೆ ಎಲ್ಲಿ ನೋಡುವುದು? ಮೂರು ಜಾಗ ಸಾಕು. ಮೂರೂ ಉಚಿತ.

ಮೊದಲನೆಯದು ‘ಕಾಮನ್ ಡೇಟಾ ಸೆಟ್’, ಕಾಲೇಜುಗಳು ಒಂದೇ ನಮೂನೆಯಲ್ಲಿ ತುಂಬುವ ಅಂಕಿಗಳ ಪಟ್ಟಿ. ಯೂನಿವರ್ಸಿಟಿಯ ಹೆಸರಿನ ಜೊತೆ ಈ ಮೂರು ಪದ ಹಾಕಿ ಹುಡುಕಿ. ಹೆಚ್ಚಿನ ಸ್ಟೇಟ್ ಯೂನಿವರ್ಸಿಟಿಗಳು ಪ್ರತಿ ವರ್ಷ ಇದನ್ನು ಪ್ರಕಟಿಸುತ್ತವೆ. ಅದರಲ್ಲಿ ಬಿ2 ಅನ್ನುವ ಪಟ್ಟಿಗೆ ಹೋಗಿ. ಅಲ್ಲಿ ಶೇಕಡಾ ಇರುವುದಿಲ್ಲ, ತಲೆ ಎಣಿಕೆ ಇರುತ್ತದೆ. ಅದಕ್ಕೇ ಅದು ನನಗಿಷ್ಟ. ಎರಡನೆಯದು ಕೇಂದ್ರ ಶಿಕ್ಷಣ ಇಲಾಖೆಯ ‘ಕಾಲೇಜ್ ನ್ಯಾವಿಗೇಟರ್’. ಡಿಗ್ರಿ ಮುಗಿಸಿದವರ ಪ್ರಮಾಣವನ್ನು ರೇಸ್ (ಜನಾಂಗ) ಪ್ರಕಾರ ಬಿಡಿಸಿ ತೋರಿಸುವುದು ಅದರ ಉಪಯೋಗ. ಮೂರನೆಯದು ಯೂನಿವರ್ಸಿಟಿಯದೇ ‘ಫ್ಯಾಕ್ಟ್‌ಬುಕ್’ ಅಥವಾ ಡ್ಯಾಶ್‌ಬೋರ್ಡ್. ಮೇಜರ್ ಪ್ರಕಾರ ಒಡೆದ ಲೆಕ್ಕ ಸುಲಭವಾಗಿ ಸಿಗುವುದು ಅಲ್ಲಿ.

ಒಂದು ಮಾತು. ಈ ಮೂರರ ಅಂಕಿಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಗಾಬರಿಯಾಗಬೇಡಿ. ಒಂದು ಅಂಡರ್‌ಗ್ರ್ಯಾಡ್ (ಮೊದಲ ಡಿಗ್ರಿಗೆ ಓದುವವರನ್ನು) ಮಾತ್ರ ಎಣಿಸಿರುತ್ತದೆ, ಇನ್ನೊಂದು ಎಲ್ಲರನ್ನೂ. ಒಂದು ಈ ವರ್ಷದ್ದು, ಇನ್ನೊಂದು ಹಿಂದಿನ ವರ್ಷದ್ದು. ಯಾವ ವರ್ಷ, ಯಾರನ್ನು ಎಣಿಸಿದ್ದು ಅಂತ ಪಟ್ಟಿಯ ಮೇಲ್ಗಡೆ ಬರೆದುಕೊಂಡೇ ಮುಂದೆ ಹೋಗಿ.

ಒಂಬತ್ತು ಖಾನೆ, ಅದರ ವಿಚಿತ್ರ ನಿಯಮ

ಕೇಂದ್ರ ಸರ್ಕಾರ ಎಲ್ಲ ಕಾಲೇಜುಗಳಿಂದ ಲೆಕ್ಕ ಕೇಳುವ ವ್ಯವಸ್ಥೆಗೆ ಐಪೆಡ್ಸ್ ಅಂತ ಹೆಸರು. ಅದರಲ್ಲಿ ಪ್ರತಿ ವಿದ್ಯಾರ್ಥಿಯೂ ಒಂದೇ ಒಂದು ಖಾನೆಗೆ ಬೀಳಬೇಕು. ಖಾನೆಗಳು ಒಂಬತ್ತು: ನಾನ್‌ರೆಸಿಡೆಂಟ್, ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷೆಯ ದೇಶಗಳ ಮೂಲದವರು), ಅಮೆರಿಕನ್ ಇಂಡಿಯನ್ ಅಥವಾ ಅಲಾಸ್ಕಾ ಮೂಲನಿವಾಸಿ, ಏಷ್ಯನ್, ಕಪ್ಪು ಅಥವಾ ಆಫ್ರಿಕನ್ ಅಮೆರಿಕನ್, ಹವಾಯಿ ಮತ್ತು ಪೆಸಿಫಿಕ್ ದ್ವೀಪದವರು, ಬಿಳಿಯರು, ಎರಡು ಅಥವಾ ಹೆಚ್ಚು ರೇಸ್, ಗೊತ್ತಿಲ್ಲ.

ಒಬ್ಬ ವಿದ್ಯಾರ್ಥಿ ಯಾವ ಖಾನೆಗೆ ಹೋಗಬೇಕು ಅನ್ನುವುದಕ್ಕೆ ಒಂದು ಕ್ರಮ ಇದೆ. ಎಲ್ಲ ತಿರುವೂ ಇರುವುದು ಈ ಕ್ರಮದಲ್ಲೇ.

ಮೊದಲು ನೋಡುವುದು ವೀಸಾ. ತಾತ್ಕಾಲಿಕ ವೀಸಾದಲ್ಲಿ ಇರುವವರೆಲ್ಲ ನಾನ್‌ರೆಸಿಡೆಂಟ್. ಅವರು ಭಾರತದವರೋ, ನೈಜೀರಿಯಾದವರೋ, ಜರ್ಮನಿಯವರೋ ಅಂತ ರೇಸ್ ಪಟ್ಟಿ ಕೇಳುವುದೇ ಇಲ್ಲ. ನಮ್ಮ ಜನಕ್ಕೆ ಇದು ಜಾಸ್ತಿ ಗೊಂದಲ ಮಾಡುವ ಜಾಗ. ಕಂಪ್ಯೂಟರ್ ಸೈನ್ಸ್ ಮಾಸ್ಟರ್ಸ್ ಕ್ಲಾಸಿನ ಬಾಗಿಲು ತೆಗೆದರೆ ಅರ್ಧ ಕ್ಲಾಸು ಭಾರತದಿಂದ ಬಂದವರಿರಬಹುದು. ಪುಟದಲ್ಲಿ ನೋಡಿದರೆ ‘ಏಷ್ಯನ್ ಶೇ. 8’. ಎರಡೂ ನಿಜವೇ. ಎಫ್-1 (ವಿದ್ಯಾರ್ಥಿ) ವೀಸಾದಲ್ಲಿ ಬಂದ ಹುಡುಗ ಆ ಎಂಟರಲ್ಲಿ ಸೇರಿಲ್ಲ, ಅಷ್ಟೇ.

ತಂದೆಯದೋ ತಾಯಿಯದೋ ಕೆಲಸದ ವೀಸಾದ ಜೊತೆ ಸಿಗುವ ಎಚ್-4ರಲ್ಲಿರುವ ಮಕ್ಕಳದ್ದೂ ಇದೇ ಕಥೆ. ನಿಮ್ಮ ಮಗಳು ಎರಡನೇ ಕ್ಲಾಸಿನಿಂದ ಇಲ್ಲೇ ಓದಿರಬಹುದು, ಮಾತಾಡಿದರೆ ಇಲ್ಲೇ ಹುಟ್ಟಿದವಳು ಅನ್ನಿಸಬಹುದು. ಫೆಡರಲ್ ಲೆಕ್ಕದಲ್ಲಿ ಅವಳು ನಾನ್‌ರೆಸಿಡೆಂಟ್. ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ಏಷ್ಯನ್ ಖಾನೆಗೆ ಬರುತ್ತಾಳೆ. (ಆ ರಾಜ್ಯದವರಿಗೆ ಫೀಸು ಕಡಿಮೆ ಮಾಡುವ ‘ಇನ್-ಸ್ಟೇಟ್’ ಲೆಕ್ಕ ಪೂರ್ತಿ ಬೇರೆ. ಅದು ಆ ರಾಜ್ಯದ ನಿಯಮ. ಎರಡನ್ನೂ ಒಂದೇ ಅಂದುಕೊಂಡು ಹೆದರಿ ಫೋನ್ ಮಾಡುವವರು ಪ್ರತಿ ವರ್ಷ ಇರುತ್ತಾರೆ.)

ಇದಕ್ಕೆ ಒಂದು ಸುಲಭ ಲೆಕ್ಕ ಮಾಡಿ. ಊಹೆಯ ಒಂದು ಯೂನಿವರ್ಸಿಟಿ ತೆಗೆದುಕೊಳ್ಳೋಣ. ಒಟ್ಟು 20,000 ವಿದ್ಯಾರ್ಥಿಗಳು. ವೀಸಾದವರು 4,000. ಏಷ್ಯನ್ ಖಾನೆಯಲ್ಲಿ 1,600. ಪುಟದಲ್ಲಿ ಬರುವುದು ಶೇ. 8. ವೀಸಾದವರನ್ನು ಬದಿಗಿಟ್ಟು ಉಳಿದ 16,000ದ ಮೇಲೆ ಲೆಕ್ಕ ಹಾಕಿದರೆ ಶೇ. 10. ಆ 4,000ದಲ್ಲಿ 3,000 ಜನ ಭಾರತ, ಚೀನಾ, ಕೊರಿಯಾದವರು ಅಂತಿಟ್ಟುಕೊಂಡರೆ ಕ್ಯಾಂಪಸ್ಸಿನಲ್ಲಿ ಏಷ್ಯಾ ಮೂಲದವರು ಶೇ. 23. ಒಂದೇ ಯೂನಿವರ್ಸಿಟಿ, ಮೂರು ಉತ್ತರ. ನಿಮಗೆ ಬೇಕಿರುವುದು ಯಾವುದು ಅಂತ ಮೊದಲು ನಿರ್ಧರಿಸಿ.

ಭಾರತದ ವಿದ್ಯಾರ್ಥಿಗಳ ಬಗ್ಗೆ ಪತ್ರಿಕೆಯಲ್ಲಿ ಬರುವ ದೊಡ್ಡ ಅಂಕಿಯನ್ನೂ ಹೀಗೇ ಬಿಡಿಸಿ ನೋಡಬೇಕು. 2023–24ರಲ್ಲಿ ಅಮೆರಿಕದಲ್ಲಿದ್ದ ಭಾರತದ ವಿದ್ಯಾರ್ಥಿಗಳು 3,31,602, ಚೀನಾವನ್ನು ಹಿಂದೆ ಹಾಕಿದ್ದಾರೆ ಅಂತ ಸುದ್ದಿಯಾಯಿತು. ಅದರಲ್ಲಿ 97,556 ಜನ ಒಪಿಟಿಯಲ್ಲಿ (ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡಲು ಸಿಗುವ ತಾತ್ಕಾಲಿಕ ಅನುಮತಿ) ಇದ್ದವರು, ಅಂದರೆ ಹೆಚ್ಚಿನವರು ಓದು ಮುಗಿಸಿ ಕೆಲಸ ಮಾಡುತ್ತಿರುವವರು. ಉಳಿದವರಲ್ಲಿ ದೊಡ್ಡ ಪಾಲು ಮಾಸ್ಟರ್ಸ್, ಪಿಎಚ್‌ಡಿಯವರು. ಹದಿನೆಂಟು ವರ್ಷದ ನಿಮ್ಮ ಮಗ ಹಾಸ್ಟೆಲ್ಲಿನಲ್ಲಿ, ಮೊದಲ ವರ್ಷದ ಕ್ಲಾಸಿನಲ್ಲಿ ಕಾಣುವ ಜನ ಇವರಲ್ಲ.

ವೀಸಾ ಆದ ಮೇಲೆ ಎರಡನೇ ಪ್ರಶ್ನೆ: ಹಿಸ್ಪಾನಿಕ್ ಹೌದೋ ಅಲ್ಲವೋ? ಹೌದು ಅಂದರೆ ಅಲ್ಲಿಗೆ ಮುಗಿಯಿತು. ಮುಂದೆ ಕಪ್ಪು ಅಂತ ಟಿಕ್ ಮಾಡಿರಲಿ, ಬಿಳಿ ಅಂತ ಮಾಡಿರಲಿ, ಲೆಕ್ಕದಲ್ಲಿ ಹಿಸ್ಪಾನಿಕ್ ಮಾತ್ರ. ಡೊಮಿನಿಕನ್ ಮೂಲದ ಕಪ್ಪು ಹುಡುಗಿ ಕಪ್ಪು ಖಾನೆಯಲ್ಲಿ ಕಾಣುವುದಿಲ್ಲ. ಅಲ್ಲ ಅಂದವರಲ್ಲಿ ಒಂದಕ್ಕಿಂತ ಹೆಚ್ಚು ಟಿಕ್ ಮಾಡಿದವರು ‘ಎರಡು ಅಥವಾ ಹೆಚ್ಚು’ ಖಾನೆಗೆ. ಒಂದೇ ಟಿಕ್ ಮಾಡಿದವರು ಮಾತ್ರ ಆಯಾ ರೇಸ್ ಖಾನೆಗೆ.

ಈ ಜರಡಿಯಲ್ಲಿ ಎಲ್ಲರಿಗಿಂತ ಜಾಸ್ತಿ ಕಳೆದುಹೋಗುವವರು ಅಮೆರಿಕದ ಮೂಲನಿವಾಸಿಗಳು. ತಾಯಿ ನವಾಹೋ ಬುಡಕಟ್ಟಿನವಳು, ತಂದೆ ಬಿಳಿಯ ಅಂದರೆ ಮಗ ‘ಎರಡು ಅಥವಾ ಹೆಚ್ಚು’. ತಂದೆ ಮೆಕ್ಸಿಕನ್ ಆದರೆ ಮಗ ಹಿಸ್ಪಾನಿಕ್. ಕೊನೆಗೆ ಉಳಿಯುವುದು ಒಂದೇ ಟಿಕ್ ಮಾಡಿದ ಒಂದಿಷ್ಟು ಜನ. ಪಟ್ಟಿಯಲ್ಲಿ 0.3 ಅಂತ ಬರುತ್ತದೆ. ಇವರನ್ನು ಹುಡುಕುವುದಾದರೆ ಆ ಒಂದು ಸಾಲು ನೋಡಿದರೆ ಸಾಲದು. ‘ಒಂದು ಟಿಕ್ಕಾದರೂ ಮೂಲನಿವಾಸಿ ಅಂತ ಹಾಕಿದವರೆಷ್ಟು’ ಅಂತಲೇ ಕೇಳಬೇಕು. ಕೆಲವು ಯೂನಿವರ್ಸಿಟಿಗಳು ಈ ಲೆಕ್ಕವನ್ನೂ ಇಡುತ್ತವೆ.

ಇನ್ನು ಬಿಳಿಯರ ಖಾನೆ. ಇರಾನ್, ಈಜಿಪ್ಟ್, ಲೆಬನಾನ್ ಮೂಲದವರು ಈಗಿನ ನಿಯಮದಲ್ಲಿ ಬಿಳಿಯರು. ಅರಬ್ ಮೂಲದವರು ಬಹಳ ಇರುವ ಮಿಶಿಗನ್‌ನ ಡಿಯರ್‌ಬಾರ್ನ್ ಕಡೆಯ ಕ್ಯಾಂಪಸ್ ನೋಡಿದವರಿಗೆ ಈ ಲೆಕ್ಕ ಎಷ್ಟು ವಿಚಿತ್ರ ಅಂತ ಗೊತ್ತು. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ನಿಯಮ ಬದಲಿಸಿತು. ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾದವರಿಗೆ ಪ್ರತ್ಯೇಕ ಖಾನೆ, ಹಿಸ್ಪಾನಿಕ್ ಪ್ರಶ್ನೆಯೂ ರೇಸ್ ಪ್ರಶ್ನೆಯೂ ಸೇರಿ ಒಂದೇ ಪ್ರಶ್ನೆ. ಇದು ಕಾಲೇಜುಗಳ ಫಾರ್ಮಿಗೆ ಇಳಿದು ಬರುವುದಕ್ಕೆ ವರ್ಷಗಳು ಬೇಕು. ಬಂದಾಗ ಬಿಳಿಯರ ಪಾಲು ಒಮ್ಮೆಗೇ ಇಳಿದ ಹಾಗೆ ಕಾಣಬಹುದು. ಒಬ್ಬ ವಿದ್ಯಾರ್ಥಿಯೂ ಬದಲಾಗಿರುವುದಿಲ್ಲ. 2010ರ ಆಸುಪಾಸಿನಲ್ಲೂ ಹೀಗೇ ಆಯಿತು. ಆಗಲೇ ‘ಎರಡು ಅಥವಾ ಹೆಚ್ಚು’ ಖಾನೆ ಈ ಲೆಕ್ಕಕ್ಕೆ ಬಂದದ್ದು. ಹಾಗಾಗಿ 2005ರಿಂದ 2015ರವರೆಗೆ ಎಳೆದ ಗೆರೆಯನ್ನು ತೋರಿಸಿ ‘ಇವರು ಕಡಿಮೆಯಾದರು, ಅವರು ಜಾಸ್ತಿಯಾದರು’ ಅಂದರೆ ಸುಮ್ನೆ ನಂಬಬೇಡಿ.

ಖಾನೆಗಳು ಕಲ್ಲಿನ ಮೇಲೆ ಬರೆದವಲ್ಲ ಅನ್ನುವುದಕ್ಕೆ ನಮ್ಮದೇ ಚರಿತ್ರೆ ಸಾಕು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲ, ಹಾಗಾಗಿ ಪೌರತ್ವ ಇಲ್ಲ ಅಂದಿತು. 1930, 1940ರ ಜನಗಣತಿಯಲ್ಲಿ ‘ಹಿಂದೂ’ ಅಂತ ಒಂದು ರೇಸ್ ಇತ್ತು. ಸಿಖ್ಖರೂ ಮುಸ್ಲಿಮರೂ ಅದರೊಳಗೇ! 1970ರಲ್ಲಿ ನಮ್ಮನ್ನು ಬಿಳಿಯರ ಜೊತೆ ಎಣಿಸಿದರು. 1980ರಲ್ಲಿ ‘ಏಷ್ಯನ್ ಇಂಡಿಯನ್’ ಬಂತು. ಮನುಷ್ಯರು ಅವರೇ, ಖಾನೆ ಮಾತ್ರ ಬೇರೆ ಬೇರೆ.

ಒಟ್ಟು ನೂರಕ್ಕಿಂತ ಜಾಸ್ತಿ ಬಂದರೆ?

ಇದೊಂದು ಸಣ್ಣ ಉಪಾಯ, ಆದರೆ ಬಹಳ ಕೆಲಸಕ್ಕೆ ಬರುತ್ತದೆ. ಪುಟದಲ್ಲಿರುವ ಎಲ್ಲ ಶೇಕಡಾಗಳನ್ನೂ ಕೂಡಿಸಿ ನೋಡಿ.

ನಾರ್ತ್ ಕ್ಯಾರೊಲೈನಾ ಯೂನಿವರ್ಸಿಟಿ (ಚಾಪೆಲ್ ಹಿಲ್) 2024ರ ಫಾಲ್‌ನಲ್ಲಿ (ಆಗಸ್ಟ್ ಹೊತ್ತಿಗೆ ಶುರುವಾಗುವ ಸೆಮಿಸ್ಟರ್) ಹೊಸದಾಗಿ ಸೇರಿದವರ ಲೆಕ್ಕ ಕೊಟ್ಟಿತು. ಬಿಳಿಯರು 63.8, ಏಷ್ಯನ್ 25.8, ಹಿಸ್ಪಾನಿಕ್ 10.1, ಕಪ್ಪು 7.8. ಈ ನಾಲ್ಕನ್ನು ಕೂಡಿಸಿದರೇ 107.5. ಲೆಕ್ಕ ತಪ್ಪಿಲ್ಲ. ಅಲ್ಲಿ ಎರಡು ಟಿಕ್ ಹಾಕಿದವರನ್ನು ಎರಡೂ ಕಡೆ ಎಣಿಸುತ್ತಾರೆ. ಐಪೆಡ್ಸ್ ನಿಯಮದಲ್ಲಿ ಎಣಿಸಿದ ಬೇರೆ ಯೂನಿವರ್ಸಿಟಿಯ ಪಕ್ಕ ಈ ಅಂಕಿ ಇಟ್ಟು ಹೋಲಿಸಿದರೆ ಚಾಪೆಲ್ ಹಿಲ್ ಸುಮ್ನೆ ದೊಡ್ಡದಾಗಿ ಕಾಣುತ್ತದೆ. ಅದೇ ಯೂನಿವರ್ಸಿಟಿಯ ಹಿಂದಿನ ವರ್ಷದ ಜೊತೆ ಹೋಲಿಸುವುದಕ್ಕೆ ಅಡ್ಡಿಯಿಲ್ಲ. ಹಿಂದಿನ ವರ್ಷ ಕಪ್ಪು ವಿದ್ಯಾರ್ಥಿಗಳು ಶೇ. 10.5 ಇದ್ದರು. ಆ ಇಳಿಕೆ ಲೆಕ್ಕದ ಆಟವಲ್ಲ, ನಿಜವಾದದ್ದು.

ನೂರಕ್ಕಿಂತ ಕಡಿಮೆ ಬಂದರೆ ‘ಗೊತ್ತಿಲ್ಲ’ ಸಾಲನ್ನೋ ವೀಸಾದವರನ್ನೋ ಬಿಟ್ಟಿದ್ದಾರೆ ಅಂತ ಅರ್ಥ. ‘ಗೊತ್ತಿಲ್ಲ’ ಸಾಲನ್ನು ಎರಡು ಮೂರು ವರ್ಷದ್ದು ಒಟ್ಟಿಗೆ ನೋಡಿ. 3 ಇದ್ದದ್ದು 8 ಆಗಿದ್ದರೆ ಉಳಿದ ಯಾವ ಏರಿಳಿತವನ್ನೂ ಗಟ್ಟಿಯಾಗಿ ಹೇಳುವ ಹಾಗಿಲ್ಲ.

ಯಾರ ಜೊತೆ ಹೋಲಿಸುವುದು?

ಸ್ಟೇಟ್ ಯೂನಿವರ್ಸಿಟಿ ಅಂದರೆ ಆ ರಾಜ್ಯದ ತೆರಿಗೆ ದುಡ್ಡು. ಹಾಗಾಗಿ ನ್ಯಾಯವಾದ ಹೋಲಿಕೆ ಪಕ್ಕದ ಯೂನಿವರ್ಸಿಟಿಯ ಜೊತೆ ಅಲ್ಲ, ಆ ರಾಜ್ಯದಲ್ಲಿ ಹೈಸ್ಕೂಲ್ ಮುಗಿಸುವ ಮಕ್ಕಳ ಜೊತೆ. ಒಂದು ಭಾಗಾಕಾರ ಸಾಕು: ಯೂನಿವರ್ಸಿಟಿಯಲ್ಲಿ ಒಂದು ಗುಂಪಿನ ಪಾಲನ್ನು ರಾಜ್ಯದ ಅದೇ ವಯಸ್ಸಿನವರಲ್ಲಿ ಆ ಗುಂಪಿನ ಪಾಲಿನಿಂದ ಭಾಗಿಸಿ. 1 ಬಂದರೆ ಸಮ. ಕೆಳಗೆ ಹೋದಷ್ಟೂ ಅಂತರ.

ಮಿಶಿಗನ್ ಯೂನಿವರ್ಸಿಟಿ ಸ್ವತಃ ಸುಪ್ರೀಂ ಕೋರ್ಟಿಗೆ ಕೊಟ್ಟ ಲೆಕ್ಕ ಇದೆ. 2006ರಲ್ಲಿ ಅಂಡರ್‌ಗ್ರ್ಯಾಡ್‌ಗಳಲ್ಲಿ ಕಪ್ಪು ವಿದ್ಯಾರ್ಥಿಗಳು ಶೇ. 7.03. 2021ರಲ್ಲಿ ಶೇ. 3.92. ಅದೇ ಅವಧಿಯಲ್ಲಿ ಆ ರಾಜ್ಯದ ಕಾಲೇಜು ವಯಸ್ಸಿನವರಲ್ಲಿ ಕಪ್ಪು ಜನರ ಪಾಲು 16ರಿಂದ 19ಕ್ಕೆ ಏರಿತ್ತು. ಭಾಗಿಸಿ ನೋಡಿ. 0.44 ಇದ್ದದ್ದು 0.21 ಆಗಿದೆ. ಬರೀ 7ರಿಂದ 4 ಅಂದಾಗ ಅಷ್ಟು ತಟ್ಟುವುದಿಲ್ಲ, ಅಲ್ವಾ?

ಈ ಇಳಿಕೆಗೆ ಕಾರಣ ಹುಡುಕುವವರು ಕಾನೂನಿನ ತಾರೀಖುಗಳನ್ನು ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಪ್ರವೇಶದಲ್ಲಿ ರೇಸ್ ನೋಡಬಾರದು ಅಂತ ಕ್ಯಾಲಿಫೋರ್ನಿಯಾದ ಮತದಾರರು 1996ರಲ್ಲೇ ತೀರ್ಮಾನಿಸಿದರು. 1998ರ ಬ್ಯಾಚಿನಿಂದ ಅದು ಜಾರಿಗೆ ಬಂತು. ಬರ್ಕಲಿ, ಲಾಸ್ ಏಂಜಲೀಸ್ ಕ್ಯಾಂಪಸ್ಸುಗಳಲ್ಲಿ ಕಪ್ಪು, ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ), ಮೂಲನಿವಾಸಿ ವಿದ್ಯಾರ್ಥಿಗಳ ಪ್ರವೇಶ ಆ ವರ್ಷ ಸುಮಾರು ಅರ್ಧಕ್ಕೆ ಬಂತು. ಮಿಶಿಗನ್‌ನಲ್ಲಿ ಇದೇ ತೀರ್ಮಾನ 2006ರಲ್ಲಿ ಆಯಿತು. ಇಡೀ ದೇಶಕ್ಕೆ ಬಂದದ್ದು 2023ರ ಜೂನ್ 29ರಂದು, ಹಾರ್ವರ್ಡ್ ಮತ್ತು ನಾರ್ತ್ ಕ್ಯಾರೊಲೈನಾ ವಿರುದ್ಧದ ಮೊಕದ್ದಮೆಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮೇಲೆ. ಅಷ್ಟರೊಳಗೆ ಒಂಬತ್ತು ರಾಜ್ಯಗಳಲ್ಲಿ ನಿಷೇಧ ಆಗಲೇ ಇತ್ತು. ಆ ಒಂಬತ್ತು ರಾಜ್ಯಗಳ ಸ್ಟೇಟ್ ಯೂನಿವರ್ಸಿಟಿಗಳಲ್ಲಿ ‘2023ರ ಮೊದಲು, ನಂತರ’ ಅಂತ ಗೆರೆ ಎಳೆದು ತೀರ್ಪಿನ ಪರಿಣಾಮ ಹುಡುಕುವುದರಲ್ಲಿ ಹುರುಳಿಲ್ಲ.

ಟೆಕ್ಸಸ್ ದಾರಿಯೇ ಬೇರೆ. 1997ರ ಕಾನೂನಿನ ಪ್ರಕಾರ ಪ್ರತಿ ಹೈಸ್ಕೂಲಿನ ಮೊದಲ ಶೇ. 10 ಮಕ್ಕಳಿಗೆ ಸ್ಟೇಟ್ ಯೂನಿವರ್ಸಿಟಿಗಳಲ್ಲಿ ನೇರ ಪ್ರವೇಶ. ಆಸ್ಟಿನ್ ಕ್ಯಾಂಪಸ್ಸಿಗೆ ನೂಕುನುಗ್ಗಲು ಜಾಸ್ತಿಯಾಗಿ ಅಲ್ಲಿ ಮಾತ್ರ ಅದು 6ಕ್ಕೆ ಇಳಿಯಿತು, 2026ರ ಫಾಲ್‌ಗೆ 5. ಹೈಸ್ಕೂಲುಗಳು ಒಂದೊಂದು ಕಡೆ ಒಂದೊಂದು ಜನಾಂಗದವರಿಂದಲೇ ತುಂಬಿರುವುದರಿಂದ ರೇಸ್ ಕೇಳದೆಯೂ ಎಲ್ಲ ಕಡೆಯ ಮಕ್ಕಳು ಬರುತ್ತಾರೆ. ಒಂದು ಮಟ್ಟಕ್ಕೆ ಇದು ಕೆಲಸ ಮಾಡಿದೆ. ಆದರೆ ಅದು ಕೆಲಸ ಮಾಡುವುದೇ ಶಾಲೆಗಳು ಬೇರೆ ಬೇರೆಯಾಗಿ ಉಳಿದಿರುವುದರಿಂದ ಅನ್ನುವುದು ನನಗೆ ಯಾವಾಗಲೂ ಇರಿಸುಮುರಿಸು.

ಇಲ್ಲೇ ಒಂದು ಪ್ರಶ್ನೆಗೆ ಉತ್ತರ ಕೊಟ್ಟುಬಿಡುತ್ತೇನೆ, ಏಕೆಂದರೆ ಫೋನ್ ಇಡುವ ಮೊದಲು ಎಲ್ಲರೂ ಇದನ್ನು ಕೇಳಿಯೇ ಕೇಳುತ್ತಾರೆ. ‘ಅರ್ಜಿಯಲ್ಲಿ ಏಷ್ಯನ್ ಅಂತ ಟಿಕ್ ಮಾಡಬೇಕಾ, ಬಿಡಬೇಕಾ?’ ಆ ಪ್ರಶ್ನೆ ಕಡ್ಡಾಯವಲ್ಲ. ಲೆಕ್ಕಕ್ಕೆ ಕೇಳುತ್ತಾರೆ. ಟಿಕ್ ಮಾಡಿದ್ದನ್ನು ಪ್ರವೇಶದ ತೀರ್ಮಾನಕ್ಕೆ ಬಳಸುವುದಕ್ಕೆ ಈಗ ಕಾನೂನು ಬಿಡುವುದಿಲ್ಲ. ಆದರೆ ತನ್ನ ಹಿನ್ನೆಲೆ ತನ್ನ ಬದುಕನ್ನು ಹೇಗೆ ರೂಪಿಸಿತು ಅಂತ ಮಗು ಪ್ರಬಂಧದಲ್ಲಿ ಬರೆಯಬಹುದು. 2023ರ ತೀರ್ಪು ಅದನ್ನು ತಡೆಯುವುದಿಲ್ಲ. ಬಚ್ಚಿಡುವುದರಿಂದ ಲಾಭವೂ ಇಲ್ಲ, ಹೆಸರು ನೋಡಿದರೆ ಗೊತ್ತಾಗುತ್ತದಲ್ಲ!

‘ಡೈವರ್ಸಿಟಿ ಇಂಡೆಕ್ಸ್’ ಅಂದರೆ

ರ‍್ಯಾಂಕಿಂಗ್ ಪಟ್ಟಿಗಳಲ್ಲಿ 0.72, 0.65 ಅಂತ ಒಂದು ಅಂಕ ಇರುತ್ತದೆ. ಕಣ್ಣು ಮುಚ್ಚಿ ಇಬ್ಬರನ್ನು ಆರಿಸಿದರೆ ಅವರು ಬೇರೆ ಬೇರೆ ಗುಂಪಿನವರಾಗಿರುವ ಸಾಧ್ಯತೆ ಎಷ್ಟು ಅಂತ ಅದು ಹೇಳುತ್ತದೆ. ಪ್ರತಿ ಗುಂಪಿನ ಪಾಲನ್ನು ವರ್ಗ ಮಾಡಿ, ಕೂಡಿಸಿ, 1ರಿಂದ ಕಳೆದರೆ ಬಂತು. ಅರ್ಧ ಬಿಳಿಯರು, ಅರ್ಧ ಏಷ್ಯನ್ನರು ಇರುವ ಕಾಲೇಜಿಗೆ 0.50. ಶೇ. 70 ಬಿಳಿಯರು, ಉಳಿದ ಮೂರು ಗುಂಪು ತಲಾ ಶೇ. 10 ಇರುವ ಕಾಲೇಜಿಗೆ 0.48. ಮೊದಲನೆಯದರಲ್ಲಿ ಎರಡೇ ತರದ ಜನ, ಎರಡನೆಯದರಲ್ಲಿ ನಾಲ್ಕು ತರ. ಅಂಕ ಮಾತ್ರ ಹೆಚ್ಚುಕಡಿಮೆ ಒಂದೇ. ಹಾಗಾಗಿ ಈ ಅಂಕ ನೋಡಿ ಮರೆತುಬಿಡಿ, ಪಟ್ಟಿಗೇ ವಾಪಸ್ ಬನ್ನಿ.

ಇಡೀ ಯೂನಿವರ್ಸಿಟಿ ಬೇಡ, ಮೇಜರ್ ನೋಡಿ

ಮೂವತ್ತು ಸಾವಿರ ಜನರ ಸರಾಸರಿಯಲ್ಲಿ ಯಾರೂ ಬದುಕುವುದಿಲ್ಲ. ಮಕ್ಕಳು ಬದುಕುವುದು ಒಂದು ಮೇಜರಿನಲ್ಲಿ, ಒಂದು ಹಾಸ್ಟೆಲ್ ಮಹಡಿಯಲ್ಲಿ, ಒಂದು ಲ್ಯಾಬಿನಲ್ಲಿ. ಇಡೀ ಯೂನಿವರ್ಸಿಟಿಯಲ್ಲಿ ಕಪ್ಪು ವಿದ್ಯಾರ್ಥಿಗಳು ಶೇ. 12 ಇದ್ದು ಎಂಜಿನಿಯರಿಂಗ್‌ನಲ್ಲಿ 3 ಇರಬಹುದು. ಸೋಷಿಯಲ್ ವರ್ಕ್, ಕ್ರಿಮಿನಲ್ ಜಸ್ಟಿಸ್ ಮೇಜರುಗಳಲ್ಲಿ 25 ಇರಬಹುದು. ಡ್ಯಾಶ್‌ಬೋರ್ಡಿನಲ್ಲಿ ‘ಕಾಲೇಜ್’ ಅಥವಾ ‘ಮೇಜರ್’ ಅನ್ನುವ ಫಿಲ್ಟರ್ ಇರುತ್ತದೆ. ಅದನ್ನು ಒತ್ತದೆ ಮುಂದೆ ಹೋಗಬೇಡಿ.

ಇನ್ನೊಂದು ಸಂಗತಿ: ಮೊದಲ ವರ್ಷದ ಮೇಜರ್ ಬೇರೆ, ಡಿಗ್ರಿ ಪಡೆದ ಮೇಜರ್ ಬೇರೆ. ಎಂಜಿನಿಯರಿಂಗ್ ಅಂತ ಸೇರಿದವರಲ್ಲಿ ಯಾರು ಎಂಜಿನಿಯರಾಗಿ ಹೊರಗೆ ಬಂದರು ಅನ್ನುವುದೇ ನಿಜವಾದ ಪ್ರಶ್ನೆ. ಸೇರಿದವರ ಪಟ್ಟಿ, ಡಿಗ್ರಿ ಪಡೆದವರ ಪಟ್ಟಿ ಎರಡನ್ನೂ ಅಕ್ಕಪಕ್ಕ ಇಡಿ. ಸೇರಿದವರಲ್ಲಿ ಶೇ. 9 ಇದ್ದ ಗುಂಪು ಡಿಗ್ರಿಯಲ್ಲಿ 4 ಇದ್ದರೆ, ನಡುವೆ ಏನೋ ಆಗಿದೆ. ಸಾಮಾನ್ಯವಾಗಿ ಅದು ಮೊದಲ ವರ್ಷದ ಕ್ಯಾಲ್ಕುಲಸ್, ಕೆಮಿಸ್ಟ್ರಿ ಕ್ಲಾಸುಗಳಲ್ಲಿ ಆಗಿರುತ್ತದೆ.

‘ಏಷ್ಯನ್’ ಖಾನೆಯನ್ನು ಒಡೆದು ನೋಡುವುದೂ ಇಲ್ಲಿಯೇ ಸೇರಬೇಕು. ಅದರೊಳಗೆ ತಂದೆತಾಯಿ ಇಬ್ಬರೂ ಎಂಜಿನಿಯರ್ ಆಗಿರುವ ತೆಲುಗು, ಕನ್ನಡ ಮನೆಯ ಮಕ್ಕಳಿದ್ದಾರೆ. ನಿರಾಶ್ರಿತರಾಗಿ ಬಂದ ಲಾವೋಸ್ ಕಡೆಯ ಹ್ಮಾಂಗ್, ಕಾಂಬೋಡಿಯಾ ಕುಟುಂಬಗಳಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಮಕ್ಕಳೂ ಇದ್ದಾರೆ. ಸರಾಸರಿ ತೆಗೆದರೆ ಎಲ್ಲರೂ ಚೆನ್ನಾಗಿದ್ದಾರೆ ಅಂತ ಬರುತ್ತದೆ. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ ಏಷ್ಯನ್ ಗುಂಪನ್ನು ಚೈನೀಸ್, ಫಿಲಿಪಿನೋ, ಇಂಡಿಯನ್, ವಿಯೆಟ್ನಾಮೀಸ್ ಅಂತ ಬಿಡಿಸಿ ಪ್ರಕಟಿಸುತ್ತದೆ. ಎಲ್ಲ ರಾಜ್ಯಗಳೂ ಇಷ್ಟು ಮಾಡುವುದಿಲ್ಲ.

ಸೇರಿದವರಲ್ಲ, ಮುಗಿಸಿದವರು

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮುಖ್ಯವಾದ ಸಾಲು ಇದು. ಆದರೂ ಇದನ್ನು ನೋಡುವವರು ಕಡಿಮೆ. ಕಾಲೇಜ್ ನ್ಯಾವಿಗೇಟರಿನಲ್ಲಿ ಆರು ವರ್ಷದೊಳಗೆ ಡಿಗ್ರಿ ಮುಗಿಸಿದವರ ಪ್ರಮಾಣ ರೇಸ್ ಪ್ರಕಾರ ಇರುತ್ತದೆ. ಒಂದು ಗುಂಪು ಶೇ. 80 ಮುಗಿಸುತ್ತದೆ, ಇನ್ನೊಂದು 58 ಅಂದರೆ, ಮುಖಪುಟದ ಡೈವರ್ಸಿಟಿ ಬಾಗಿಲ ತನಕ ಮಾತ್ರ.

ಇದಕ್ಕೂ ನಿಯಮಗಳಿವೆ. ಮೊದಲ ಸಲ ಕಾಲೇಜಿಗೆ, ಪೂರ್ತಿ ಸಮಯದ ವಿದ್ಯಾರ್ಥಿಯಾಗಿ ಸೇರಿದವರನ್ನು ಮಾತ್ರ ಇದು ಎಣಿಸುತ್ತದೆ. ಕಮ್ಯೂನಿಟಿ ಕಾಲೇಜಿನಿಂದ ಎರಡು ವರ್ಷ ಓದಿ ಬಂದವರು ಇದರಲ್ಲಿ ಇಲ್ಲ. ಲ್ಯಾಟಿನೋ ವಿದ್ಯಾರ್ಥಿಗಳಲ್ಲಿ ಬಹಳ ಜನ ಆ ದಾರಿಯಲ್ಲೇ ಬರುತ್ತಾರೆ. ಹಾಗೆಯೇ ಇಲ್ಲಿ ಬಿಟ್ಟು ಬೇರೆ ಕಡೆ ಡಿಗ್ರಿ ಮುಗಿಸಿದವರೂ ಇಲ್ಲಿ ‘ಮುಗಿಸದವರು’. ಗುಂಪು ಚಿಕ್ಕದಾದರೆ ಶೇಕಡಾ ಕುಣಿಯುತ್ತದೆ. ಹನ್ನೆರಡು ಜನರಲ್ಲಿ ಒಬ್ಬ ಬಿಟ್ಟರೆ ಶೇ. 8 ಇಳಿಯಿತು. ಮೂರು ವರ್ಷದ್ದು ಸೇರಿಸಿ ನೋಡುವುದು ವಾಸಿ.

ಪಕ್ಕದಲ್ಲೇ ಪೆಲ್ ಗ್ರ್ಯಾಂಟ್ ಪಡೆಯುವವರ ಪಾಲನ್ನೂ ನೋಡಿ. ಕಡಿಮೆ ಆದಾಯದ ಮನೆಯ ಮಕ್ಕಳಿಗೆ ಕೇಂದ್ರ ಸರ್ಕಾರ ಕೊಡುವ ಸಹಾಯ ಅದು, 2024–25ರಲ್ಲಿ ಗರಿಷ್ಠ 7,395 ಡಾಲರ್. ಎಲ್ಲ ಬಣ್ಣದವರೂ ಇದ್ದು ಎಲ್ಲರೂ ಶ್ರೀಮಂತರೇ ಆಗಿರುವ ಕ್ಯಾಂಪಸ್ಸುಗಳೂ ಇವೆ. ಬ್ರೋಷರ್ ಇದನ್ನು ಹೇಳುವುದಿಲ್ಲ.

ಅಂತರ ಮುಚ್ಚಬಹುದು ಅನ್ನುವುದಕ್ಕೆ ಅಟ್ಲಾಂಟಾದ ಜಾರ್ಜಿಯಾ ಸ್ಟೇಟ್ ಯೂನಿವರ್ಸಿಟಿಯನ್ನು ನಮ್ಮ ಕ್ಷೇತ್ರದವರೆಲ್ಲ ತೋರಿಸುತ್ತಾರೆ. ಅಲ್ಲಿ ಕಪ್ಪು, ಹಿಸ್ಪಾನಿಕ್, ಪೆಲ್ ವಿದ್ಯಾರ್ಥಿಗಳು ಒಟ್ಟು ಸರಾಸರಿಗೆ ಸಮನಾಗಿ, ಕೆಲವು ವರ್ಷ ಅದಕ್ಕಿಂತ ಮೇಲೆ, ಡಿಗ್ರಿ ಮುಗಿಸಿದ್ದಾರೆ. ಮಾಡಿದ್ದು ಮಂತ್ರವಲ್ಲ. ವಿದ್ಯಾರ್ಥಿ ತಪ್ಪು ಕೋರ್ಸಿಗೆ ಹೆಸರು ಹಾಕಿದರೆ, ಒಂದು ಮುಖ್ಯ ಕ್ಲಾಸಿನಲ್ಲಿ ಎಡವಿದರೆ, ಸಲಹೆಗಾರರಿಗೆ ಕೂಡಲೇ ತಿಳಿಯುತ್ತದೆ, ಅವರೇ ಕರೆದು ಮಾತಾಡುತ್ತಾರೆ. ಕೆಲವು ನೂರು ಡಾಲರ್ ಫೀಸು ಬಾಕಿಯಾಗಿ ಹೆಸರು ತೆಗೆಯುವ ಸ್ಥಿತಿ ಬಂದವರಿಗೆ ಯೂನಿವರ್ಸಿಟಿಯೇ ಆ ದುಡ್ಡು ತುಂಬುತ್ತದೆ. ಇಂಥದ್ದು ನೀವು ನೋಡುತ್ತಿರುವ ಯೂನಿವರ್ಸಿಟಿಯಲ್ಲಿ ಇದೆಯಾ ಅಂತ ಕೇಳಿ.

ಬಿರುದುಗಳ ಬಗ್ಗೆ ಎರಡು ಮಾತು

ಅಂಡರ್‌ಗ್ರ್ಯಾಡ್‌ಗಳಲ್ಲಿ ಕನಿಷ್ಠ ಶೇ. 25 ಹಿಸ್ಪಾನಿಕ್ ಇದ್ದರೆ ‘ಹಿಸ್ಪಾನಿಕ್ ಸರ್ವಿಂಗ್’ ಅನ್ನುವ ಬಿರುದಿಗೆ ಅರ್ಹತೆ. ಏಷ್ಯನ್ ಮತ್ತು ಪೆಸಿಫಿಕ್ ದ್ವೀಪದವರಿಗೆ ಇಂಥದ್ದೇ ಒಂದಿದೆ, ಮಿತಿ ಶೇ. 10. ಬಡ ವಿದ್ಯಾರ್ಥಿಗಳ ಪಾಲಿನಂಥ ಬೇರೆ ಷರತ್ತುಗಳೂ ಇವೆ. ಇವು ಸೇರಿದವರ ಎಣಿಕೆಯಿಂದ ಬರುವ ಬಿರುದು. ಒಳಗೆ ಏನು ನಡೆಯುತ್ತದೆ ಅಂತ ಹೇಳುವುದಿಲ್ಲ. ಐತಿಹಾಸಿಕ ಕಪ್ಪು ಕಾಲೇಜುಗಳು ಬೇರೆ ಮಾತು. 1964ಕ್ಕೆ ಮೊದಲು ಕಪ್ಪು ಜನರಿಗಾಗಿಯೇ ಹುಟ್ಟಿದವು ಅವು. ನಾರ್ತ್ ಕ್ಯಾರೊಲೈನಾ ಎ ಆ್ಯಂಡ್ ಟಿ, ಫ್ಲಾರಿಡಾ ಎ ಆ್ಯಂಡ್ ಎಂ ಇವೆರಡೂ ಸ್ಟೇಟ್ ಯೂನಿವರ್ಸಿಟಿಗಳೇ. ಎಲ್ಲ ಜನಾಂಗದವರನ್ನೂ ಸೇರಿಸಿಕೊಳ್ಳುತ್ತವೆ. ನಮ್ಮವರು ಪಟ್ಟಿಯಲ್ಲಿ ಇವನ್ನು ಇಡುವುದೇ ಇಲ್ಲ. ಎಂಜಿನಿಯರಿಂಗ್‌ಗೆ ಎ ಆ್ಯಂಡ್ ಟಿ ಎಷ್ಟು ಹೆಸರುವಾಸಿ ಅಂತ ಒಮ್ಮೆ ನೋಡಿ.

ಕ್ಯಾಂಪಸ್ಸಿಗೆ ಹೋದಾಗ

ಗೈಡ್ ಹೇಳುವುದನ್ನು ಕೇಳಿ, ಆದರೆ ಕಣ್ಣು ಬೇರೆ ಕಡೆ ಇರಲಿ. ಊಟದ ಹಾಲ್‌ನಲ್ಲಿ ಅರ್ಧ ಗಂಟೆ ಕೂರಿ. ಒಂದೊಂದು ಗುಂಪು ಒಂದೊಂದು ಮೇಜಿಗೆ ಅಂಟಿಕೊಂಡಿರುವುದು ಎಲ್ಲ ಕಡೆ ಸಹಜ. ಬೆರೆತ ಮೇಜುಗಳು ಒಂದಾದರೂ ಇವೆಯಾ ನೋಡಿ. ನೀವು ನೋಡುತ್ತಿರುವ ಮೇಜರಿನ ಎರಡನೇ ವರ್ಷದ ಕ್ಲಾಸೊಂದರಲ್ಲಿ ಕೂರಲು ಅನುಮತಿ ಕೇಳಿ. ಪಾಠ ಮಾಡುವವರು ಯಾರು ಅಂತಲೂ ಗಮನಿಸಿ. ದೇಶದಲ್ಲಿ ಪೂರ್ಣಾವಧಿ ಪ್ರಾಧ್ಯಾಪಕರಲ್ಲಿ ಸುಮಾರು ಮುಕ್ಕಾಲು ಪಾಲು ಬಿಳಿಯರೇ. ವಿದ್ಯಾರ್ಥಿಗಳು ಬದಲಾದಷ್ಟು ವೇಗವಾಗಿ ಅವರು ಬದಲಾಗಿಲ್ಲ.

ಹಳೆಯ ಪುಟಗಳನ್ನು ನಂಬಿ ಹೋಗಬೇಡಿ. ಟೆಕ್ಸಸ್‌ನಲ್ಲಿ 2024ರ ಜನವರಿ 1ರಿಂದ ಸ್ಟೇಟ್ ಯೂನಿವರ್ಸಿಟಿಗಳು ಡೈವರ್ಸಿಟಿ ಕಚೇರಿ ಇಟ್ಟುಕೊಳ್ಳುವಂತಿಲ್ಲ. ಬೇರೆ ಕೆಲವು ರಾಜ್ಯಗಳೂ ಇಂಥ ಕಾನೂನು ತಂದಿವೆ. ಎರಡು ವರ್ಷದ ಹಿಂದೆ ಅಣ್ಣ ಓದುವಾಗ ಇದ್ದ ಕೇಂದ್ರ ತಂಗಿ ಸೇರುವಾಗ ಇಲ್ಲದಿರಬಹುದು, ಇಲ್ಲವೇ ಹೆಸರು ಬದಲಾಗಿರಬಹುದು. ವಿದ್ಯಾರ್ಥಿಗಳೇ ನಡೆಸುವ ಸಂಘಗಳು ಸಾಮಾನ್ಯವಾಗಿ ಉಳಿದಿರುತ್ತವೆ. ಅವರನ್ನೇ ಕೇಳಿ.

ಕೊನೆಗೆ, ನಮ್ಮಂಥವರಿಗೆ ಒಂದು ಇಮೇಲ್

ಬೇಕಾದ ಲೆಕ್ಕ ಎಲ್ಲೂ ಸಿಗದಿದ್ದರೆ ಇನ್‌ಸ್ಟಿಟ್ಯೂಷನಲ್ ರಿಸರ್ಚ್ ಕಚೇರಿಗೆ ನೇರವಾಗಿ ಬರೆಯಿರಿ. ವಿಳಾಸ ಫ್ಯಾಕ್ಟ್‌ಬುಕ್ ಪುಟದಲ್ಲೇ ಇರುತ್ತದೆ. ‘ನಿಮ್ಮಲ್ಲಿ ಡೈವರ್ಸಿಟಿ ಹೇಗಿದೆ’ ಅಂತ ಬರೆದರೆ ನಾವು ಮುಖಪುಟದ ಕೊಂಡಿ ಕಳಿಸಿ ಕೈತೊಳೆದುಕೊಳ್ಳುತ್ತೇವೆ. ಹೀಗೆ ಬರೆಯಿರಿ: ‘ಇಂಥ ಮೇಜರಿನ ಅಂಡರ್‌ಗ್ರ್ಯಾಡ್ ವಿದ್ಯಾರ್ಥಿಗಳ ತಲೆ ಎಣಿಕೆ, ರೇಸ್ ಪ್ರಕಾರ, ವೀಸಾದವರನ್ನು ಪ್ರತ್ಯೇಕವಾಗಿ ತೋರಿಸಿ, ಕಳೆದ ಐದು ಫಾಲ್‌ಗಳದ್ದು ಬೇಕು. ಹಾಗೆಯೇ ಈ ಮೇಜರಿನಲ್ಲಿ ಶುರುಮಾಡಿ ಇದೇ ಮೇಜರಿನಲ್ಲಿ ಡಿಗ್ರಿ ಮುಗಿಸಿದವರ ಪ್ರಮಾಣ.’ ಇಷ್ಟು ನಿಖರವಾಗಿದ್ದರೆ ಉತ್ತರ ಕೊಡುವುದು ಸುಲಭ.

ಐದೋ ಹತ್ತೋ ಜನಕ್ಕಿಂತ ಕಡಿಮೆ ಇರುವ ಜಾಗದಲ್ಲಿ ಅಂಕಿಯ ಬದಲು ನಕ್ಷತ್ರ ಚಿಹ್ನೆ ಬರುತ್ತದೆ. ಬಚ್ಚಿಡುವ ಉದ್ದೇಶ ಅಲ್ಲ. ಇಡೀ ಮೇಜರಿನಲ್ಲಿ ಒಬ್ಬಳೇ ಮೂಲನಿವಾಸಿ ಹುಡುಗಿ ಇದ್ದರೆ ಅವಳು ಯಾರು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ವಿದ್ಯಾರ್ಥಿಗಳ ಖಾಸಗಿ ಮಾಹಿತಿ ಕಾಪಾಡಲು 1974ರ ಕೇಂದ್ರ ಕಾನೂನು ಇದೆ. ಮೂರು ವರ್ಷ ಒಟ್ಟು ಸೇರಿಸಿ ಕೊಡಿ ಅಂತ ಕೇಳಿದರೆ ನಕ್ಷತ್ರ ಹೋಗಿ ಅಂಕಿ ಬರಬಹುದು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಮಾತ್ರ ಕೇಳಬೇಡಿ. ಫಾಲ್ ಎಣಿಕೆ ಮುಗಿಸುವ ಗಡಿಬಿಡಿಯಲ್ಲಿ ಆಗ ನಾವು ಯಾರ ಇಮೇಲನ್ನೂ ತೆರೆಯುವುದಿಲ್ಲ. ನವೆಂಬರ್ ಕೊನೆಗೆ ಕೇಳಿದರೆ ಆ ವರ್ಷದ ಹೊಸ ಲೆಕ್ಕವೇ ಕೈಗೆ ಸಿಗುತ್ತದೆ. ಎಷ್ಟು ಕೇಳಿದರೂ ಉತ್ತರ ಬರದಿದ್ದರೆ ಸ್ಟೇಟ್ ಯೂನಿವರ್ಸಿಟಿಗಳಿಗೆ ಆಯಾ ರಾಜ್ಯದ ಸಾರ್ವಜನಿಕ ದಾಖಲೆ ಕಾನೂನು ಅನ್ವಯಿಸುತ್ತದೆ ಅನ್ನುವುದು ನೆನಪಿರಲಿ. ಅದರ ಅಡಿಯಲ್ಲಿ ಅರ್ಜಿ ಕೊಡಬಹುದು. ಕೆಲವು ರಾಜ್ಯಗಳಲ್ಲಿ ಇದಕ್ಕೆ ಸಣ್ಣ ಶುಲ್ಕ ಇರುತ್ತದೆ.